ಪಕ್ಷಕ್ಕಿಂತ ಪೆನಲ್ ದೊಡ್ಡದು: ಗೋಕಾಕ, ಮೂಡಲಗಿ, ಹುಕ್ಕೇರಿಯ ಬಣ ರಾಜಕಾರಣ

ಬೆಳಗಾವಿ: ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಆಡಳಿತ ಮಂಡಳಿಗೆ 2025ರ ಸೆಪ್ಟೆಂಬರ್ 28ರಂದು ಚುನಾವಣೆ ನಡೆಯಿತು. ಕಾಗದದ ಮೇಲೆ ಇದು ಪಕ್ಷರಹಿತ ಚುನಾವಣೆ. ಒಂದು ಪೆನಲ್‌ನ ಬೆನ್ನಿಗೆ ನಿಂತವರು ಕಾಂಗ್ರೆಸ್‌ನ ಲೋಕೋಪಯೋಗಿ ಸಚಿವ ಸತೀಶ ಜಾರಕಿಹೊಳಿ, ಅವರ ಸಹೋದರ, ಅರಭಾವಿಯ ಬಿಜೆಪಿ ಶಾಸಕ ಬಾಲಚಂದ್ರ ಜಾರಕಿಹೊಳಿ ಹಾಗೂ ಬಿಜೆಪಿಯ ಮಾಜಿ ಸಂಸದ ಅಣ್ಣಾಸಾಹೇಬ ಜೊಲ್ಲೆ. ಎದುರು ಪೆನಲ್ ಕಟ್ಟಿದವರು ಬಿಜೆಪಿಯಿಂದ ಸಂಸದರಾಗಿದ್ದ ರಮೇಶ ಕತ್ತಿ ಮತ್ತು ಕಾಂಗ್ರೆಸ್‌ನ ಮಾಜಿ ಸಚಿವ ಎ.ಬಿ. ಪಾಟೀಲ. ಫಲಿತಾಂಶ ಹೊರಬಿದ್ದಾಗ ಹದಿನೈದಕ್ಕೆ ಹದಿನೈದೂ ಸ್ಥಾನಗಳು ಕತ್ತಿ–ಪಾಟೀಲ ಜೋಡಿಯ ಪಾಲಾಗಿದ್ದವು.

ಹಾಗಾದರೆ ಸೋತದ್ದು ಯಾವ ಪಕ್ಷ, ಗೆದ್ದದ್ದು ಯಾವ ಪಕ್ಷ? ಬೆಂಗಳೂರಿನಲ್ಲಿ ಕುಳಿತು ಲೆಕ್ಕ ಹಾಕುವವರಿಗೆ ಈ ಪ್ರಶ್ನೆ ತಲೆನೋವು ತಂದೀತು. ಹುಕ್ಕೇರಿಯ ಮತದಾರನಿಗೆ ಅದು ಪ್ರಶ್ನೆಯೇ ಅಲ್ಲ. 2018 ಮತ್ತು 2023ರ ವಿಧಾನಸಭಾ ಚುನಾವಣೆಗಳಲ್ಲಿ ಎ.ಬಿ. ಪಾಟೀಲರು ಕತ್ತಿ ಮನೆತನದ ವಿರುದ್ಧವೇ ಕಣಕ್ಕಿಳಿದಿದ್ದರು. ಮೊದಲ ಸಲ ಉಮೇಶ ಕತ್ತಿ ಎದುರು, ಎರಡನೆಯ ಸಲ ಅವರ ಪುತ್ರ ನಿಖಿಲ್ ಕತ್ತಿ ಎದುರು. 2024ರ ಲೋಕಸಭಾ ಚುನಾವಣೆಯಲ್ಲಿ ಚಿಕ್ಕೋಡಿಯಲ್ಲಿ ಜೊಲ್ಲೆ ಅವರನ್ನು 90 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ದು ಸತೀಶ ಜಾರಕಿಹೊಳಿ ಅವರ ಪುತ್ರಿ ಪ್ರಿಯಾಂಕಾ. ಹದಿನೈದೇ ತಿಂಗಳಲ್ಲಿ ನಿನ್ನೆಯ ವೈರಿಗಳು ಒಂದೇ ವೇದಿಕೆಯಲ್ಲಿ ಕೈ ಎತ್ತಿ ನಿಂತಿದ್ದರು. ಇದರಿಂದ ಯಾರಿಗೂ ಮುಜುಗರ ಆದಂತೆ ಕಾಣಲಿಲ್ಲ.

ಒಂದು ವಿದ್ಯುತ್ ಸಂಘಕ್ಕಾಗಿ ಜಿಲ್ಲಾ ಉಸ್ತುವಾರಿ ಸಚಿವರೇ ಹಳ್ಳಿ ಹಳ್ಳಿ ಸುತ್ತಬೇಕಿತ್ತೇ ಎಂಬ ಸಂದೇಹ ಹೊರಗಿನವರಿಗೆ ಸಹಜ. 1969ರಲ್ಲಿ ಸ್ಥಾಪನೆಯಾದ ಈ ಸಂಘ ಹೆಸ್ಕಾಂನಿಂದ ಸಗಟಾಗಿ ವಿದ್ಯುತ್ ಖರೀದಿಸಿ ತಾಲ್ಲೂಕಿನ ಮನೆ, ಹೊಲ, ಗಿರಣಿಗಳಿಗೆ ತಾನೇ ವಿತರಿಸುತ್ತದೆ. ರಾಜ್ಯದಲ್ಲಿ ಈ ಬಗೆಯ ಸಹಕಾರ ಸಂಘ ಬೇರೆ ಉಳಿದಿಲ್ಲ. ಮೀಟರ್ ಓದುವವರು, ಬಿಲ್ ಕೊಡುವವರು, ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಿಸುವವರು ಎಲ್ಲರೂ ಸಂಘದ ನೌಕರರು. ಬೇಸಿಗೆಯಲ್ಲಿ ಕಬ್ಬಿಗೆ ನೀರು ಹಾಯಿಸುವ ರೈತನ ಪಂಪ್‌ಸೆಟ್‌ಗೆ ತಂತಿ ಎಳೆಯುವ ಸಂಸ್ಥೆ ಯಾರ ಕೈಯಲ್ಲಿದೆ ಎಂಬುದು ಆತನ ಮಟ್ಟಿಗೆ ವಿಧಾನಸೌಧದಲ್ಲಿ ಯಾರು ಕುಳಿತಿದ್ದಾರೆ ಎಂಬುದಕ್ಕಿಂತ ಹತ್ತಿರದ ಸಂಗತಿ.

ಬಣ ಮೊದಲು, ಪಕ್ಷ ಆಮೇಲೆ

ಜಿಲ್ಲೆಯ ರಾಜಕೀಯ ಭಿನ್ನಮತದ ಬಗ್ಗೆ ಮಾತು ಬಂದಾಗಲೆಲ್ಲ ‘ಕಾಂಗ್ರೆಸ್‌ನಲ್ಲಿ ಒಳಜಗಳ’, ‘ಬಿಜೆಪಿಯಲ್ಲಿ ಬಣ ಬಡಿದಾಟ’ ಎಂಬ ತಲೆಬರಹಗಳು ಬರುತ್ತವೆ. ಈ ತಲೆಬರಹಗಳಲ್ಲೇ ಒಂದು ತಪ್ಪು ಗ್ರಹಿಕೆ ಅಡಗಿದೆ. ಪಕ್ಷವೊಂದು ಮೊದಲು ಇತ್ತು, ಅದರೊಳಗೆ ಆಮೇಲೆ ಬಣಗಳು ಹುಟ್ಟಿದವು ಎಂಬ ಊಹೆ ಅದು. ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿಯಲ್ಲಿ ನಡೆದಿರುವುದು ಇದರ ತಿರುವುಮುರುವು. ಇಲ್ಲಿ ಬಣಗಳು ಹಳೆಯವು. ಪಕ್ಷಗಳು ಕಾಲಕಾಲಕ್ಕೆ ಬಂದು ಬಣಗಳ ಮನೆಯಲ್ಲಿ ಬಿಡಾರ ಹೂಡುತ್ತವೆ.

ಕತ್ತಿ ಮನೆತನದ ಇತಿಹಾಸವನ್ನೇ ನೋಡಬಹುದು. ತಂದೆ ವಿಶ್ವನಾಥ ಕತ್ತಿ ಅವರ ನಿಧನದಿಂದ ತೆರವಾದ ಸ್ಥಾನಕ್ಕೆ 1985ರಲ್ಲಿ ಆಯ್ಕೆಯಾದ ಉಮೇಶ ಕತ್ತಿ ಒಟ್ಟು ಎಂಟು ಬಾರಿ ಶಾಸಕರಾದರು. ಜನತಾ ಪರಿವಾರದ ಕವಲುಗಳು, ಕಾಂಗ್ರೆಸ್, ಬಿಜೆಪಿ ಎಲ್ಲದರ ಚಿಹ್ನೆಯಡಿಯೂ ಅವರು ಸ್ಪರ್ಧಿಸಿದ್ದಾರೆ. 2004ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಸೋತದ್ದು ಬಿಟ್ಟರೆ ಚಿಹ್ನೆಯ ಬದಲಾವಣೆಯಿಂದ ಅವರಿಗೆ ಹಾನಿಯಾದದ್ದು ಕಡಿಮೆ. ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯವಾಗಬೇಕೆಂದು ಸಚಿವರಾಗಿದ್ದುಕೊಂಡೇ ಹೇಳುವ ಧೈರ್ಯ ಅವರಿಗಿತ್ತು. ಪಕ್ಷದ ವರಿಷ್ಠರು ಪ್ರತಿಸಲ ಮುಖ ಗಂಟಿಕ್ಕಿದರು, ಪ್ರತಿಸಲ ಸುಮ್ಮನಾದರು. 2022ರ ಸೆಪ್ಟೆಂಬರ್ 6ರಂದು ಅವರು ನಿಧನರಾದ ಮೇಲೆ ಹುಕ್ಕೇರಿಯಲ್ಲಿ ತೆರವಾದದ್ದು ಶಾಸಕ ಸ್ಥಾನ ಮಾತ್ರವಲ್ಲ. ಆ ಸ್ಥಾನವನ್ನು 2023ರಲ್ಲಿ ನಿಖಿಲ್ ತುಂಬಿದರು. ಸಹಕಾರ ಸಂಸ್ಥೆಗಳ ಮೇಲಿನ ಹಿಡಿತವನ್ನು ಉಳಿಸಿಕೊಳ್ಳುವ ಹೊಣೆ ಸಹೋದರ ರಮೇಶ ಕತ್ತಿ ಅವರ ಹೆಗಲೇರಿತು.

‘ಸಾಹುಕಾರ’ ಎಂದೇ ಬೆಂಬಲಿಗರು ಕರೆಯುವ ಜಾರಕಿಹೊಳಿ ಸಹೋದರರದು ಇನ್ನೊಂದು ಬಗೆ. ಕತ್ತಿಯವರು ಒಂದಾಗಿ ಪಕ್ಷ ಬದಲಿಸಿದರೆ, ಇವರು ಬೇರೆ ಬೇರೆಯಾಗಿ ಪಕ್ಷಗಳನ್ನು ಹಂಚಿಕೊಂಡರು. ರಮೇಶ ಜಾರಕಿಹೊಳಿ 1999ರಿಂದ 2018ರವರೆಗೆ ಗೋಕಾಕದಿಂದ ಸತತ ಐದು ಬಾರಿ ಕಾಂಗ್ರೆಸ್ ಶಾಸಕರಾಗಿ ಆಯ್ಕೆಯಾದರು. ಸತೀಶ ಅವರು ಜೆಡಿಎಸ್‌ನಲ್ಲಿದ್ದು, ಸಿದ್ದರಾಮಯ್ಯನವರ ಜೊತೆ ಕಾಂಗ್ರೆಸ್‌ಗೆ ಬಂದು, 2008ರಲ್ಲಿ ಹೊಸದಾಗಿ ರಚನೆಯಾದ ಯಮಕನಮರಡಿ ಮೀಸಲು ಕ್ಷೇತ್ರದಲ್ಲಿ ನೆಲೆ ಕಂಡರು. ಈ ಕ್ಷೇತ್ರ ಇರುವುದು ಹುಕ್ಕೇರಿ ತಾಲ್ಲೂಕಿನಲ್ಲಿ. ಕತ್ತಿಯವರ ಅಂಗಳದಲ್ಲಿ ಜಾರಕಿಹೊಳಿಯವರ ಹೆಜ್ಜೆ ಬಿದ್ದದ್ದು ಅಂದಿನಿಂದ. ಬಾಲಚಂದ್ರ ಅವರು 2008ರಲ್ಲಿ ಜೆಡಿಎಸ್‌ನಿಂದ ಅರಭಾವಿಯಲ್ಲಿ ಗೆದ್ದು, ಕೆಲವೇ ತಿಂಗಳಲ್ಲಿ ರಾಜೀನಾಮೆ ನೀಡಿ, ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿ ಶಾಸಕರಾದರು. ಅದೇ ‘ಆಪರೇಷನ್ ಕಮಲ’ದ ಸುತ್ತಿನಲ್ಲಿ ಹುಕ್ಕೇರಿಯಲ್ಲಿ ಉಮೇಶ ಕತ್ತಿ ಮಾಡಿದ್ದೂ ಅದನ್ನೇ. ಹಿಂದೆ ಗೋಕಾಕ ತಾಲ್ಲೂಕಿನ ಭಾಗವಾಗಿದ್ದು ಆಮೇಲೆ ಪ್ರತ್ಯೇಕ ತಾಲ್ಲೂಕಾದ ಮೂಡಲಗಿ ಅರಭಾವಿ ಕ್ಷೇತ್ರದೊಳಗೇ ಬರುತ್ತದೆ.

ಬಿಜೆಪಿಗೆ ಬಂದ ಎರಡೇ ವರ್ಷದಲ್ಲಿ, 2010ರ ಅಕ್ಟೋಬರ್‌ನಲ್ಲಿ, ಮುಖ್ಯಮಂತ್ರಿ ಯಡಿಯೂರಪ್ಪ ವಿರುದ್ಧ ಬಂಡೆದ್ದ ಹನ್ನೊಂದು ಬಿಜೆಪಿ ಶಾಸಕರಲ್ಲಿ ಬಾಲಚಂದ್ರ ಕೂಡ ಒಬ್ಬರು. ಸ್ಪೀಕರ್ ಕೆ.ಜಿ. ಬೋಪಯ್ಯ ಅವರನ್ನು ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಎಂಟು ವರ್ಷಗಳ ನಂತರ ಅಣ್ಣ ರಮೇಶ ಅವರ ಅನರ್ಹತೆಯೂ ಅದೇ ನ್ಯಾಯಾಲಯದ ಮೆಟ್ಟಿಲೇರಿತು. ಪಕ್ಷಾಂತರ ನಿಷೇಧ ಕಾನೂನು ಓದುವ ವಿದ್ಯಾರ್ಥಿಗೆ ಗೋಕಾಕದ ಒಂದೇ ಮನೆ ಎರಡೆರಡು ಪಾಠ ಒದಗಿಸಿದೆ. ರಾಜ್ಯದ ಉಳಿದ ಭಾಗಕ್ಕೆ ‘ಗೋಕಾಕ’ ಎಂದರೆ 1980ರ ದಶಕದ ಭಾಷಾ ಚಳವಳಿ ನೆನಪಾಗುತ್ತದೆ. ಅದು ಬಂದದ್ದು ವಿ.ಕೃ. ಗೋಕಾಕರ ವರದಿಯಿಂದ, ಊರಿನಿಂದಲ್ಲ. ಊರು ತನ್ನದೇ ಹೆಸರು ಮಾಡಿದ್ದು ಕರದಂಟು, ಜಲಪಾತ ಮತ್ತು ಈ ಸಹೋದರರಿಂದ.

ಪಿಎಲ್‌ಡಿ ಬ್ಯಾಂಕಿನಿಂದ ವಿಧಾನಸೌಧದವರೆಗೆ

ಸಣ್ಣ ಸಂಸ್ಥೆಯ ಜಗಳ ಎಲ್ಲಿಯವರೆಗೆ ಬೆಳೆಯಬಲ್ಲದು ಎಂಬುದಕ್ಕೆ 2018ರ ಬೆಳಗಾವಿ ತಾಲ್ಲೂಕು ಪಿಎಲ್‌ಡಿ ಬ್ಯಾಂಕ್ ಚುನಾವಣೆ ಸಾಕ್ಷಿ. ಬ್ಯಾಂಕಿನ ಅಧ್ಯಕ್ಷ ಸ್ಥಾನಕ್ಕಾಗಿ ಒಂದು ಕಡೆ ಜಾರಕಿಹೊಳಿ ಸಹೋದರರು, ಇನ್ನೊಂದು ಕಡೆ ಬೆಳಗಾವಿ ಗ್ರಾಮೀಣ ಶಾಸಕಿ ಲಕ್ಷ್ಮಿ ಹೆಬ್ಬಾಳಕರ ಪಟ್ಟು ಹಿಡಿದರು. ಇಬ್ಬರೂ ಕಾಂಗ್ರೆಸ್‌ನವರೇ. ರಾಜ್ಯದಲ್ಲಿ ಅಧಿಕಾರದಲ್ಲಿದ್ದುದು ಕುಮಾರಸ್ವಾಮಿ ನೇತೃತ್ವದ ಮೈತ್ರಿ ಸರ್ಕಾರ. ಕೆಪಿಸಿಸಿ ಕಾರ್ಯಾಧ್ಯಕ್ಷ ಈಶ್ವರ ಖಂಡ್ರೆ ಬೆಳಗಾವಿಗೆ ಧಾವಿಸಿ ಸಂಧಾನ ನಡೆಸಬೇಕಾಯಿತು. ಸೆಪ್ಟೆಂಬರ್ 7ರಂದು ಹೆಬ್ಬಾಳಕರ ಬೆಂಬಲಿಗರೇ ಅವಿರೋಧವಾಗಿ ಅಧಿಕಾರ ಹಿಡಿದರು.

ಮೇಲ್ನೋಟಕ್ಕೆ ಅದು ಅಲ್ಲಿಗೆ ಮುಗಿದ ಕಥೆ. ಒಳಗಿನ ಗಾಯ ಬೇರೆಯೇ ಇತ್ತು. ಬೆಳಗಾವಿ ಜಿಲ್ಲೆಯ ವ್ಯವಹಾರದಲ್ಲಿ ಡಿ.ಕೆ. ಶಿವಕುಮಾರ್ ಕೈ ಹಾಕುತ್ತಿದ್ದಾರೆ ಎಂಬ ಅಸಮಾಧಾನ ಸಹೋದರರಲ್ಲಿ ಹೊಗೆಯಾಡುತ್ತಿತ್ತು. ಜೊತೆಗೆ ಒಂದು ಮನೆಗೆ ಒಂದೇ ಸಚಿವ ಸ್ಥಾನ ಎಂಬ ಕಾಂಗ್ರೆಸ್‌ನ ಲೆಕ್ಕಾಚಾರ ಮನೆಯೊಳಗೇ ಪೈಪೋಟಿ ಹುಟ್ಟಿಸಿತ್ತು. 2016ರ ಜೂನ್‌ನಲ್ಲಿ ಸಿದ್ದರಾಮಯ್ಯ ಸತೀಶ ಅವರನ್ನು ಸಂಪುಟದಿಂದ ಕೈಬಿಟ್ಟು ರಮೇಶ ಅವರನ್ನು ಸೇರಿಸಿಕೊಂಡಿದ್ದರು. 2018ರ ಡಿಸೆಂಬರ್‌ನಲ್ಲಿ ಆಟ ತಿರುಗಿತು. ರಮೇಶ ಹೊರಕ್ಕೆ, ಸತೀಶ ಒಳಕ್ಕೆ. ಏಳು ತಿಂಗಳಲ್ಲಿ ರಮೇಶ ನೇತೃತ್ವದ ಅತೃಪ್ತರ ಸಾಲು ಮುಂಬೈ ತಲುಪಿತು. 2019ರ ಜುಲೈ 23ರಂದು 99–105 ಮತಗಳಿಂದ ವಿಶ್ವಾಸಮತ ಕಳೆದುಕೊಂಡು ಕುಮಾರಸ್ವಾಮಿ ಸರ್ಕಾರ ಬಿತ್ತು. ಸರ್ಕಾರ ಬಿದ್ದುದಕ್ಕೆ ಪಿಎಲ್‌ಡಿ ಬ್ಯಾಂಕ್ ಒಂದೇ ಕಾರಣವೆಂದರೆ ಅತಿಯಾದೀತು. ಆದರೆ ಬಿರುಕು ಎಲ್ಲರ ಕಣ್ಣಿಗೂ ಬಿದ್ದದ್ದು ಅಲ್ಲಿಯೇ.

ಆ ವರ್ಷದ ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಗೋಕಾಕ ವಿಚಿತ್ರ ಕಣವಾಯಿತು. ಬಿಜೆಪಿಯಿಂದ ರಮೇಶ, ಕಾಂಗ್ರೆಸ್‌ನಿಂದ ಕಿರಿಯ ಸಹೋದರ ಲಖನ್. ಲಖನ್ ಪರ ಸತೀಶ, ರಮೇಶ ಪರ ಬಾಲಚಂದ್ರ ಪ್ರಚಾರ ಮಾಡಿದರು. ರಮೇಶ 29 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಎರಡು ವರ್ಷದ ನಂತರ, 2021ರ ಡಿಸೆಂಬರ್‌ನಲ್ಲಿ, ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ ನಡೆದ ಚುನಾವಣೆಯಲ್ಲಿ ಅದೇ ಲಖನ್ ಪಕ್ಷೇತರರಾಗಿ ನಿಂತು ಆಯ್ಕೆಯಾದರು. ಇದ್ದ ಎರಡು ಸ್ಥಾನಗಳಲ್ಲಿ ಇನ್ನೊಂದು ಹೆಬ್ಬಾಳಕರ ಅವರ ಸಹೋದರ, ಕಾಂಗ್ರೆಸ್‌ನ ಚನ್ನರಾಜ ಹಟ್ಟಿಹೊಳಿ ಪಾಲಾಯಿತು. ರಾಜ್ಯದಲ್ಲಿ ಅಧಿಕಾರದಲ್ಲಿದ್ದ ಬಿಜೆಪಿಯ ಅಭ್ಯರ್ಥಿ ಮಹಾಂತೇಶ ಕವಟಗಿಮಠ ಸೋತರು. ಪಕ್ಷದ ಸೋಲಿಗೆ ಪಕ್ಷದವರೇ ಕಾರಣ ಎಂಬ ದೂರು ಆಗ ಬಿಜೆಪಿ ವಲಯದಲ್ಲಿ ಬಹಳ ದಿನ ಕೇಳಿಬಂತು.

ಹೊಸ ಪಕ್ಷದಲ್ಲೂ ರಮೇಶ ಬಣವಿಲ್ಲದೆ ಉಳಿಯಲಿಲ್ಲ. 2023ರ ಚುನಾವಣೆಯಲ್ಲಿ ತಮ್ಮೊಡನೆ ಬಂದಿದ್ದ ಮಹೇಶ ಕುಮಠಳ್ಳಿ ಅವರಿಗೇ ಅಥಣಿ ಟಿಕೆಟ್ ಸಿಗಬೇಕೆಂದು ಪಟ್ಟು ಹಿಡಿದರು. ಟಿಕೆಟ್ ವಂಚಿತರಾದ ಮಾಜಿ ಉಪಮುಖ್ಯಮಂತ್ರಿ ಲಕ್ಷ್ಮಣ ಸವದಿ ಕಾಂಗ್ರೆಸ್ ಸೇರಿ ಭಾರೀ ಅಂತರದಿಂದ ಗೆದ್ದರು. ಜಿಲ್ಲೆಯ 18 ಸ್ಥಾನಗಳಲ್ಲಿ 2018ರಲ್ಲಿ ಹತ್ತು ಗೆದ್ದಿದ್ದ ಬಿಜೆಪಿ 2023ರಲ್ಲಿ ಏಳಕ್ಕೆ ಇಳಿಯಿತು. ಕಾಂಗ್ರೆಸ್ ಎಂಟರಿಂದ ಹನ್ನೊಂದಕ್ಕೆ ಏರಿತು. ಆಮೇಲೆ ರಾಜ್ಯಾಧ್ಯಕ್ಷ ಬಿ.ವೈ. ವಿಜಯೇಂದ್ರ ವಿರೋಧಿ ಪಾಳಯದಲ್ಲಿ ಬಸನಗೌಡ ಪಾಟೀಲ ಯತ್ನಾಳರ ಜೊತೆ ರಮೇಶ ಕಾಣಿಸಿಕೊಂಡರು. 2025ರ ಮಾರ್ಚ್‌ನಲ್ಲಿ ಯತ್ನಾಳರ ಉಚ್ಚಾಟನೆಯಾಯಿತು. ರಮೇಶ ಪಕ್ಷದಲ್ಲೇ ಉಳಿದರು.

ಲಂಡನ್ನಿನ ಅಣ್ಣ ತಮ್ಮ

ಅಣ್ಣ ತಮ್ಮಂದಿರ ಸ್ಪರ್ಧೆ ಗೋಕಾಕಕ್ಕೆ ಮಾತ್ರ ಸೇರಿದ್ದಲ್ಲ. ಬ್ರಿಟನ್ನಿನ ಲೇಬರ್ ಪಕ್ಷದ ನಾಯಕತ್ವಕ್ಕೆ 2010ರಲ್ಲಿ ಡೇವಿಡ್ ಮಿಲಿಬ್ಯಾಂಡ್ ಮತ್ತು ಎಡ್ ಮಿಲಿಬ್ಯಾಂಡ್ ಸಹೋದರರೇ ಎದುರಾಳಿಗಳಾಗಿದ್ದರು. ಸೆಪ್ಟೆಂಬರ್ 25ರಂದು ಪ್ರಕಟವಾದ ಫಲಿತಾಂಶದಲ್ಲಿ ತಮ್ಮ ಎಡ್ ಶೇಕಡ ಒಂದೂವರೆಗಿಂತ ಕಡಿಮೆ ಅಂತರದಿಂದ ಅಣ್ಣನನ್ನು ಸೋಲಿಸಿದರು. ಮೂರು ವರ್ಷ ತುಂಬುವ ಮೊದಲೇ ಡೇವಿಡ್ ಸಂಸತ್ ಸದಸ್ಯತ್ವ ಬಿಟ್ಟು ನ್ಯೂಯಾರ್ಕಿನ ಪರಿಹಾರ ಸಂಸ್ಥೆಯೊಂದರ ಹೊಣೆ ಹೊತ್ತರು. ಅಲ್ಲಿ ಸೋತವರಿಗೆ ದಾರಿ ಅದೊಂದೇ ಆಗಿತ್ತು. ಗೋಕಾಕದ ಅಣ್ಣ ತಮ್ಮಂದಿರಲ್ಲಿ ಹಾಗೆ ಊರು ಬಿಟ್ಟವರು ಯಾರೂ ಇಲ್ಲ. ಸೋತ ಲಖನ್ ಪರಿಷತ್ತಿಗೆ ಬಂದರು. 2021ರ ಬೆಳಗಾವಿ ಲೋಕಸಭಾ ಉಪಚುನಾವಣೆಯಲ್ಲಿ ಐದು ಸಾವಿರ ಚಿಲ್ಲರೆ ಮತಗಳಿಂದ ಸೋತ ಸತೀಶ ಎರಡು ವರ್ಷದಲ್ಲಿ ಮತ್ತೆ ಸಚಿವರಾದರು.

ಲೇಬರ್ ಪಕ್ಷದ ಬಣ ಜಗಳಕ್ಕೆ ಇನ್ನೊಂದು ಗುಣವಿದೆ. 1981ರಲ್ಲಿ ನಾಲ್ವರು ಹಿರಿಯರು ಹೊರನಡೆದು ಎಸ್‌ಡಿಪಿ ಕಟ್ಟಿದಾಗ, 2015ರಲ್ಲಿ ಜೆರೆಮಿ ಕಾರ್ಬಿನ್ ನಾಯಕರಾದಾಗ, 2025ರಲ್ಲಿ ಅದೇ ಕಾರ್ಬಿನ್ ಹೊರಗೆ ಬಂದು ಜಾರಾ ಸುಲ್ತಾನಾ ಜೊತೆ ಹೊಸ ಎಡಪಂಥೀಯ ಪಕ್ಷ ಕಟ್ಟಲು ಹೋಗಿ ಸದಸ್ಯತ್ವ ನೋಂದಣಿಯ ವಿಚಾರದಲ್ಲೇ ಇಬ್ಬರೂ ಬಹಿರಂಗವಾಗಿ ಕಾದಾಡಿದಾಗ, ಅಹಂಕಾರಕ್ಕೆ ಎಲ್ಲೂ ಕೊರತೆ ಇರಲಿಲ್ಲ. ಆದರೂ ಅಣ್ವಸ್ತ್ರ, ಖಾಸಗೀಕರಣ, ಯುರೋಪ್, ಗಾಜಾ ಹೀಗೆ ಒಂದಲ್ಲ ಒಂದು ನೀತಿಯ ಪ್ರಶ್ನೆ ಜಗಳದ ಮುಂಚೂಣಿಯಲ್ಲಿ ಇರುತ್ತಿತ್ತು. ಯಾವ ಬಣ ಗೆದ್ದರೆ ಏನು ಬದಲಾಗುತ್ತದೆಂದು ಮತದಾರ ಊಹಿಸಬಹುದಿತ್ತು. ಹುಕ್ಕೇರಿಯ ಎರಡು ಪೆನಲ್‌ಗಳ ನಡುವೆ ವಿದ್ಯುತ್ ದರದ ಬಗ್ಗೆಯಾಗಲಿ, ಪಂಪ್‌ಸೆಟ್ ಸಂಪರ್ಕದ ಬಗ್ಗೆಯಾಗಲಿ ನೀತಿಯ ಭೇದ ಏನಿತ್ತೆಂದು ಹೇಳುವುದು ಕಷ್ಟ. ‘ನಮ್ಮ ತಾಲ್ಲೂಕಿಗೆ ಹೊರಗಿನವರು ಬೇಡ’ ಎಂಬ ಸ್ವಾಭಿಮಾನದ ಮಾತೇ ಅಲ್ಲಿ ಹೆಚ್ಚು ಕೆಲಸ ಮಾಡಿತು. ಅದರ ಕೆಳಗೆ ಲಿಂಗಾಯತ ಮತ್ತು ವಾಲ್ಮೀಕಿ ನಾಯಕತ್ವದ ನಡುವಿನ ಹಳೆಯ ಪೈಪೋಟಿಯೂ ಹರಿಯುತ್ತಿತ್ತು.

ಸಿದ್ಧಾಂತದ ಮಾತನ್ನು ಇಲ್ಲಿ ಗಂಭೀರವಾಗಿ ಆಡುವವರು ಸತೀಶ ಒಬ್ಬರೇ ಎನ್ನಬಹುದು. ಮಾನವ ಬಂಧುತ್ವ ವೇದಿಕೆಯ ಮೂಲಕ ಮೌಢ್ಯದ ವಿರುದ್ಧ ದನಿ ಎತ್ತಿ, ಡಿಸೆಂಬರ್ 6ರಂದು ಬೆಳಗಾವಿಯ ಸ್ಮಶಾನದಲ್ಲಿ ಕಾರ್ಯಕ್ರಮ ನಡೆಸಿ ಅವರು ಬೇರೆಯೇ ವರ್ಚಸ್ಸು ಬೆಳೆಸಿಕೊಂಡಿದ್ದಾರೆ. ಕಾಂಗ್ರೆಸ್‌ನಲ್ಲಿ ಮುಖ್ಯಮಂತ್ರಿ ಬದಲಾವಣೆಯ ಚರ್ಚೆ ಕಾವೇರಿದ್ದ 2025ರ ಅಕ್ಟೋಬರ್‌ನಲ್ಲಿ, ರಾಯಬಾಗ ತಾಲ್ಲೂಕಿನ ಕಪ್ಪಲಗುದ್ದಿಯಲ್ಲಿ ಯತೀಂದ್ರ ಸಿದ್ದರಾಮಯ್ಯ ಅವರು ಪ್ರಗತಿಪರ ವಿಚಾರದವರಿಗೆ ನಾಯಕತ್ವ ಕೊಡಬಲ್ಲವರೆಂದು ಸತೀಶ ಅವರ ಹೆಸರನ್ನೇ ಹೇಳಿದ್ದು ಈ ವರ್ಚಸ್ಸಿನ ಬಲದಿಂದ. ಅದಕ್ಕೆ ಕೆಲವೇ ವಾರಗಳ ಹಿಂದೆ ಅವರು ಹುಕ್ಕೇರಿಯಲ್ಲಿ ಬಿಜೆಪಿಯ ಇಬ್ಬರು ನಾಯಕರ ಜೊತೆ ಮತ ಕೇಳಿದ್ದರು. ಇದರಲ್ಲಿ ವಿರೋಧಾಭಾಸವಿದೆ ಎಂದು ಕಾಂಗ್ರೆಸ್‌ನಲ್ಲಿ ಗಟ್ಟಿಯಾಗಿ ಹೇಳಿದವರು ಕಡಿಮೆ. ಸಹಕಾರ ಕ್ಷೇತ್ರಕ್ಕೆ ಪಕ್ಷವಿಲ್ಲ ಎಂಬುದು ಜಿಲ್ಲೆಯಲ್ಲಿ ಎಲ್ಲ ಬಣಗಳೂ ಒಪ್ಪಿಕೊಂಡಿರುವ ಏಕೈಕ ಸಿದ್ಧಾಂತ.

ಠರಾವು ಯಾರ ಕಡೆಗೆ?

ಆ ಸಿದ್ಧಾಂತ ಪೂರ್ಣವಾಗಿ ಕೆಲಸ ಮಾಡುವುದು ಬೆಳಗಾವಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನಲ್ಲಿ. ಇಲ್ಲಿ ಸಾಮಾನ್ಯ ರೈತನಿಗೆ ನೇರ ಮತವಿಲ್ಲ. ಪ್ರತಿ ಪಿಕೆಪಿಎಸ್ ತನ್ನ ಪರವಾಗಿ ಮತ ಹಾಕಲು ಒಬ್ಬನ ಹೆಸರಿಗೆ ಠರಾವು ಮಾಡಿ ಕಳಿಸುತ್ತದೆ. ತಾಲ್ಲೂಕಿಗೊಂದು ನಿರ್ದೇಶಕ ಸ್ಥಾನ, ಮತದಾರರು ಕೆಲವು ಹತ್ತುಗಳು, ಹೆಚ್ಚೆಂದರೆ ನೂರರ ಆಸುಪಾಸು. ಹೀಗಾಗಿ ಚುನಾವಣೆಯ ನಿಜವಾದ ಪ್ರಚಾರ ಮತದಾನಕ್ಕೆ ತಿಂಗಳುಗಟ್ಟಲೆ ಮೊದಲೇ, ಠರಾವು ಯಾರ ಹೆಸರಿಗೆ ಎಂಬ ಹಂತದಲ್ಲೇ ಮುಗಿದಿರುತ್ತದೆ. ಠರಾವು ಕೈಗೆ ಬಂದವನನ್ನು ಎದುರಾಳಿಯ ಕಣ್ಣಿಗೆ ಬೀಳದಂತೆ ಕಾಯುವುದು ಉಳಿದ ಕೆಲಸ.

ಬ್ಯಾಂಕ್ ಕೈಯಲ್ಲಿದ್ದರೆ ಹಳ್ಳಿಯ ಸಂಘಗಳಿಗೆ ಬೆಳೆ ಸಾಲದ ಮಿತಿ ನಿಗದಿ, ನೇಮಕಾತಿ, ಸಕ್ಕರೆ ಕಾರ್ಖಾನೆಗಳಿಗೆ ದೊಡ್ಡ ಮೊತ್ತದ ಸಾಲ ಎಲ್ಲವೂ ಕೈಯಲ್ಲಿದ್ದಂತೆ. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅವುಗಳಿಗೆ ಚುನಾವಣೆಯೇ ನಡೆಯಲಿಲ್ಲ. ಎರಡನೇ ಸಾಲಿನ ಮುಖಂಡರಿಗೆ ಬಲಾಬಲ ತೋರಿಸಲು ಉಳಿದ ಕಣ ಸಹಕಾರ ಕ್ಷೇತ್ರವೊಂದೇ ಆಯಿತು. ಜಗಳದ ತೀವ್ರತೆ ಹೆಚ್ಚಲು ಇದೂ ಒಂದು ಕಾರಣ.

ದೀರ್ಘಕಾಲ ಬ್ಯಾಂಕಿನ ಅಧ್ಯಕ್ಷರಾಗಿದ್ದ ರಮೇಶ ಕತ್ತಿ 2024ರ ಅಕ್ಟೋಬರ್‌ನಲ್ಲಿ ರಾಜೀನಾಮೆ ನೀಡಿದರು. ನಿರ್ದೇಶಕರಲ್ಲಿ ಬಹುಮತ ಜಾರಿತ್ತು. ಮರುವರ್ಷದ ಅಕ್ಟೋಬರ್ 19ರಂದು ಆಡಳಿತ ಮಂಡಳಿಗೆ ಚುನಾವಣೆ ನಡೆದಾಗ ಒಂದು ಕಡೆ ಜಾರಕಿಹೊಳಿ–ಜೊಲ್ಲೆ ಬಣ. ಇನ್ನೊಂದು ಕಡೆ ಕತ್ತಿ ಮತ್ತು ಕಾಂಗ್ರೆಸ್ ಶಾಸಕ ಲಕ್ಷ್ಮಣ ಸವದಿ. ಹುಕ್ಕೇರಿ ಕತ್ತಿಯವರ ಕಡೆಗೇ ವಾಲಿತು, ಅಥಣಿ ಸವದಿಯವರನ್ನು ಬಿಡಲಿಲ್ಲ. ಉಳಿದೆಡೆ ಜಾರಕಿಹೊಳಿ ಬಣ ಮತದಾನಕ್ಕೂ ಮೊದಲೇ ಹಲವು ಸ್ಥಾನಗಳನ್ನು ಅವಿರೋಧವಾಗಿ ಪಡೆದಿತ್ತು. ಸತೀಶ ಅವರ ಪುತ್ರ ರಾಹುಲ್ ಹಾಗೂ ರಮೇಶ ಅವರ ಪುತ್ರ ಅಮರನಾಥ ಆಡಳಿತ ಮಂಡಳಿಗೆ ಬಂದರು. ತಂದೆಯರ ಪಕ್ಷ ಬೇರೆ ಬೇರೆ. ಮಕ್ಕಳ ಪೆನಲ್ ಒಂದೇ.

ಗುರ್ಲಾಪುರ ಕ್ರಾಸ್

ಹೊಸ ಆಡಳಿತ ಮಂಡಳಿ ಅಧ್ಯಕ್ಷರ ಆಯ್ಕೆಗೆ ಸಜ್ಜಾಗುತ್ತಿದ್ದಾಗಲೇ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ರಸ್ತೆಗೆ ಇಳಿದಿದ್ದರು. ಅಕ್ಟೋಬರ್ ಕೊನೆಯಲ್ಲಿ ಆರಂಭವಾದ ಧರಣಿಯ ಬೇಡಿಕೆ ಒಂದೇ: ಟನ್ ಕಬ್ಬಿಗೆ 3,500 ರೂಪಾಯಿ. ದಿನ ಕಳೆದಂತೆ ಜನ ಸೇರುತ್ತಲೇ ಹೋದರು. ಹೋರಾಟ ಜಿಲ್ಲೆಯ ಗಡಿ ದಾಟಿ ಬಾಗಲಕೋಟೆ, ವಿಜಯಪುರಕ್ಕೆ ಹಬ್ಬಿತು.

ಆ ವೇದಿಕೆಯನ್ನು ಮುನ್ನಡೆಸಿದ್ದು ರೈತ ಸಂಘಟನೆಗಳು. ಮೂರು ತಾಲ್ಲೂಕುಗಳ ಬಣ ನಾಯಕರಲ್ಲಿ ಒಬ್ಬರೂ ಅದರ ಮುಂಚೂಣಿಗೆ ಬರಲಿಲ್ಲ. ಬರುವುದು ಕಷ್ಟವೂ ಇತ್ತು. ಸತೀಶ ಶುಗರ್ಸ್ ಒಂದು ಮನೆತನದ್ದು, ಬೆಲ್ಲದ ಬಾಗೇವಾಡಿಯ ವಿಶ್ವರಾಜ್ ಶುಗರ್ಸ್ ಇನ್ನೊಂದು ಮನೆತನದ್ದು. ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಬಾಲಚಂದ್ರ ಅವರ ಮಾತು ನಡೆಯುತ್ತದೆ. ಹಿಡಕಲ್ ಜಲಾಶಯದ ನೀರು ಕುಡಿದು ಬೆಳೆದ ಕಬ್ಬು ಯಾವ ಗೇಟಿನೊಳಗೆ ಹೋದರೂ ಅಲ್ಲಿ ಯಾವುದಾದರೊಂದು ಬಣದ ನೆರಳಿದೆ. ಆಡಳಿತ ಪಕ್ಷದವರು ಕಾರ್ಖಾನೆ ನಡೆಸುವಲ್ಲಿ ವಿರೋಧ ಪಕ್ಷದವರು ರೈತರ ಪರ ನಿಲ್ಲುವುದು ವಾಡಿಕೆ. ಎರಡೂ ಪಕ್ಷದವರು ಕಾರ್ಖಾನೆ ನಡೆಸುವಲ್ಲಿ ರೈತನ ಪರ ನಿಲ್ಲಲು ಹೊರಗಿನಿಂದ ಯಾರಾದರೂ ಬರಬೇಕು. ಬಿಜೆಪಿ ರಾಜ್ಯಾಧ್ಯಕ್ಷ ವಿಜಯೇಂದ್ರ ಗುರ್ಲಾಪುರಕ್ಕೆ ಬಂದು ಧರಣಿನಿರತರೊಂದಿಗೆ ರಾತ್ರಿ ಕಳೆದರು. ಸರ್ಕಾರದ ಪರವಾಗಿ ಮಾತುಕತೆಗೆ ಬಂದದ್ದು ಗದಗಿನ ಎಚ್.ಕೆ. ಪಾಟೀಲ.

ನವೆಂಬರ್ 7ರಂದು ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ಬಳಿ ಹೆದ್ದಾರಿ ತಡೆದವರ ಮತ್ತು ಪೊಲೀಸರ ನಡುವೆ ಘರ್ಷಣೆಯಾಗಿ ಕಲ್ಲು ತೂರಾಟ ನಡೆಯಿತು. ಅದೇ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಬೆಂಗಳೂರಿನಲ್ಲಿ ಕಾರ್ಖಾನೆ ಮಾಲೀಕರು ಹಾಗೂ ರೈತ ಪ್ರತಿನಿಧಿಗಳ ಜೊತೆ ತಾಸುಗಟ್ಟಲೆ ಸಭೆ ನಡೆಸಿ, ಸರ್ಕಾರದ ಪಾಲೂ ಸೇರಿ ಟನ್‌ಗೆ 3,300 ರೂಪಾಯಿ ಪ್ರಕಟಿಸಿದರು. ಗುರ್ಲಾಪುರದಲ್ಲಿ ಪಟಾಕಿ ಸಿಡಿದವು, ಧರಣಿ ಮುಗಿಯಿತು, ನಿಂತಿದ್ದ ಕಬ್ಬಿನ ಟ್ರ್ಯಾಕ್ಟರ್‌ಗಳು ಕಾರ್ಖಾನೆಗಳತ್ತ ಹೊರಟವು.

ಆ ನವೆಂಬರ್‌ನಲ್ಲೇ ಬೆಳಗಾವಿಯಲ್ಲಿ ಡಿಸಿಸಿ ಬ್ಯಾಂಕಿನ ಪದಾಧಿಕಾರಿಗಳ ಆಯ್ಕೆಯೂ ನಡೆಯಿತು. ಅಧ್ಯಕ್ಷರಾಗಿ ಬಿಜೆಪಿಯ ಅಣ್ಣಾಸಾಹೇಬ ಜೊಲ್ಲೆ, ಉಪಾಧ್ಯಕ್ಷರಾಗಿ ಕಾಗವಾಡದ ಕಾಂಗ್ರೆಸ್ ಶಾಸಕ ರಾಜು ಕಾಗೆ ಆಯ್ಕೆಯಾದರು. ಆಯ್ಕೆ ಅವಿರೋಧವಾಗಿತ್ತು.